ಓಣಿಯವರೆಲ್ಲ ಹೆತ್ತ ಮಗಳು

ನನ್ನ ಮಗಳನ್ನು ನಾನು ಹೆತ್ತಿಲ್ಲ. ಆದರೂ ಅವಳು ಹುಟ್ಟಿದ ಕಥೆ ನನಗೆ ಬಾಯಿಪಾಠವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ನೋವು ಶುರುವಾದದ್ದು, ಹೊರಗೆ ಗುಡುಗು, ಕರೆಂಟು ಹೋದದ್ದು, ಎದುರು ಮನೆಯ ದೊಡ್ಡವ್ವ ಲಾಟೀನು ಹಿಡಿದುಕೊಂಡು ಓಡಿ ಬಂದದ್ದು, ಹುಟ್ಟಿದ ಕೂಸು ಅಳಲು ಒಲ್ಲೆನೆಂದು ಸುಮ್ಮನೆ ಮಲಗಿದ್ದು, ದೊಡ್ಡವ್ವ ಅದರ ಅಂಗಾಲಿಗೆ ಎರಡು ಬಾರಿಸಿದ ಮೇಲೆ ಓಣಿಯೆಲ್ಲ ಕೇಳುವಂತೆ ಕಿರುಚಿದ್ದು. ಇದನ್ನು ದೊಡ್ಡವ್ವನೇ ನಮ್ಮ ಕಟ್ಟೆಯ ಮೇಲೆ ಕೂತು ಮಗಳಿಗೆ ಹೇಳುತ್ತಿದ್ದಳು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ನಾನೂ ಕೇಳುತ್ತಿದ್ದೆ. ಕೇಳಿ ಕೇಳಿ ಕೆಲವು ಸಲ ನನಗೂ ಸೊಂಟ ಹಿಡಿದಂತಾಗಿ, ಎದ್ದು ಸ್ವಲ್ಪ ಅಡ್ಡಾಡಿ ಬರುತ್ತಿದ್ದೆ.

ಹೆತ್ತವಳು ನನ್ನ ನಾದಿನಿ, ನಮ್ಮ ಅತ್ತೆಯ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆಂದು ಹಗರಿಬೊಮ್ಮನಹಳ್ಳಿಗೆ ತವರಿಗೆ ಬಂದಿದ್ದಳು. ಅವಳು ಬಸುರಿಯಿದ್ದಾಗಲೇ ಗಂಡ ಲಾರಿ ಅಪಘಾತದಲ್ಲಿ ಹೋಗಿದ್ದ. ಬಾಣಂತನದಲ್ಲಿ ಅವಳೂ ಹೋದಳು. ಕೂಸು ಉಳಿಯಿತು, ಎಡಗಾಲಿಗೂ ಎಡಗೈಗೂ ಬಲ ಇರಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ಅತ್ತೆ ಕೂಸನ್ನು ಎತ್ತಿ ನನ್ನ ಉಡಿಯಲ್ಲಿಟ್ಟು, ಮೇಲೆ ಐದು ಹಿಡಿ ಅಕ್ಕಿ ಹಾಕಿದರು. ಆಮೇಲೆ ಬಾಗಿಲಲ್ಲಿ ನಿಂತು ಓಣಿಯ ಹೆಂಗಸರಿಗೆ ಹೇಳಿದರು: "ಇವತ್ತಿಂದ ಇದು ಇಕಿ ಹೆತ್ತದ್ದು. ಬ್ಯಾರೆ ಮಾತು ಯಾರ ಬಾಯಾಗಾದ್ರೂ ಬಂತಂದ್ರ ನನ್ನ ಹೊಸ್ತಲಾ ತುಳೀಬಾರದು."

ನಮ್ಮ ಅತ್ತೆಯ ಹೊಸ್ತಿಲನ್ನು ತುಳಿಯದೆ ಓಣಿಯಲ್ಲಿ ಬದುಕುವುದು ಕಷ್ಟವಿತ್ತು. ಸಿಹಿ ನೀರಿನ ನಲ್ಲಿ ನಮ್ಮ ಅಂಗಳದಲ್ಲಿತ್ತು. ಹೀಗಾಗಿ ಎಲ್ಲರೂ ಮಾತು ಉಳಿಸಿಕೊಂಡರು. ಹೊಸದಾಗಿ ಬಾಡಿಗೆಗೆ ಬಂದವರಿಗೂ ಮೊದಲ ದಿನ ನಲ್ಲಿಗೆ ನೀರು ಬರುವ ಹೊತ್ತು ಹೇಳುವಾಗಲೇ ಇದನ್ನೂ ಹೇಳಿಬಿಡುತ್ತಿದ್ದರು. ಆದರೆ ಆ ದಿನದ ನಂತರ ಅತ್ತೆ ತಮ್ಮ ಮಗಳ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಅವಳ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನೇ ಮತ್ತೆ ಝಾಡಿಸಿ ಹಾಕುತ್ತಿದ್ದರು.

ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಕಡಿಮೆಯಿತ್ತು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರ್‌ಗಳು ಏನು ಮಾಡಿದ್ದರೋ, ಸುಳ್ಳು ನಾಲಿಗೆಯ ತುದಿಗೆ ಬರುವ ಮೊದಲೇ ನನ್ನ ಕಿವಿ ಕೆಂಪಾಗಿಬಿಡುತ್ತದೆ. "ಇಕಿ ಕಿವಿ ನೋಡಿದ್ರ ಊರಿಗೆ ಗೊತ್ತಾಕೈತಿ," ಎಂದು ಅತ್ತೆ ನನ್ನ ಪಾಲಿನ ಸುಳ್ಳನ್ನೂ ಓಣಿಯವರಿಗೇ ಹಂಚಿಕೊಟ್ಟಿದ್ದರು. ಅವರು ಅದನ್ನು ನಿಷ್ಠೆಯಿಂದ ನಡೆಸಿದರು.

ಮಗಳಿಗೆ ಏಳು ತುಂಬಿತು. ಮಾತು ಬಾಯಿಗೆ ಬರಲು ಸ್ವಲ್ಪ ತಡ ಮಾಡುತ್ತಿತ್ತು, ನಮ್ಮೂರಿಗೆ ಬರುವ ಬಸ್ಸುಗಳ ಹಾಗೆ. ಬಂದರೆ ಮಾತ್ರ ತುಂಬಿಕೊಂಡೇ ಬರುತ್ತಿತ್ತು. ಕಾಲಿಗೆ ದಾವಣಗೆರೆಯಲ್ಲಿ ಮಾಡಿಸಿದ ಕ್ಯಾಲಿಪರ್ ಇತ್ತು. ಎರಡು ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಕೆಳಗೊಂದು ಬೂಟು. ಬೆಳೆಯುವ ಮಕ್ಕಳಿಗೆ ಅದನ್ನು ಮತ್ತೆ ಮತ್ತೆ ಹೊಸದು ಮಾಡಿಸಬೇಕು. ನಮ್ಮವರು ಶೇಂಗಾ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮತ್ತೆ ಮತ್ತೆ ಎನ್ನುವುದು ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. ಹಳೆಯ ಬೆಲ್ಟು ಕೊನೆಯ ತೂತಿಗೆ ಬಂದಿತ್ತು. ಮೊಣಕಾಲಿನ ಹತ್ತಿರ ಕೆಂಪಗೆ ಗಾಯವಾಗಿ, ಕೊನೆಗೆ ಅದನ್ನು ಬಿಚ್ಚಿಟ್ಟೆವು. ಶಾಲೆಗೆ ನಾನೇ ಸೊಂಟದ ಮೇಲೆ ಹೊತ್ತೊಯ್ಯತೊಡಗಿದೆ.

ಅದು ಅವಳಿಗೆ ಆಗಲಿಲ್ಲ. ಶಾಲೆಯ ತಿರುವು ಬಂದಾಗ ನನ್ನ ಹೆಗಲಿಗೆ ಮುಖ ಒತ್ತಿಕೊಳ್ಳುತ್ತಿದ್ದಳು. "ಕೂಸಿನಂಗ ಹೊರಬ್ಯಾಡ. ಎಲ್ಲಾರೂ ನೋಡ್ತಾರ. ನಾ ನಡಕೊಂತ ಬರ್ತೀನಿ." ಒಂದು ದಿನ ಹೋಗುವುದೇ ಇಲ್ಲವೆಂದು ಬಾಗಿಲ ಕಂಬ ಹಿಡಿದು ಕೂತಳು. ಬಲಗೈ ಒಂದರಲ್ಲೇ ಹಿಡಿದಿದ್ದಳು. ನನಗೂ ನಮ್ಮವರಿಗೂ ಸೇರಿ ಬಿಡಿಸಲಾಗಲಿಲ್ಲ.

ಅಳತೆ ಕೊಡಲು ದಾವಣಗೆರೆಗೆ ಹೋದೆವು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ನಮ್ಮ ಪಕ್ಕದಲ್ಲಿ ಮೊಮ್ಮಗನನ್ನು ಕೂರಿಸಿಕೊಂಡಿದ್ದ ಒಬ್ಬ ಅಜ್ಜನಿಗೆ ಹೇಳುತ್ತಿದ್ದಳು: "ತಂದೆತಾಯಿ ಇಲ್ಲದ ಇಂಥ ಮಕ್ಕಳನ್ನ ಸಾಕೋರಿಗೆ ಸರ್ಕಾರ ತಿಂಗಳಾ ಸಹಾಯಧನ ಕೊಡುತ್ತೆ ಅಜ್ಜಾ. ಕಾಲಿಗೆ ಹಾಕೋ ಕ್ಯಾಲಿಪರ್‌ಗೂ ಕೊಡ್ತಾರೆ. ಅರ್ಜಿ ಹಾಕ್ರಿ." ನಾನು ಕಣ್ಣರಳಿಸಿ ಕೇಳುತ್ತಿರುವುದನ್ನು ನೋಡಿ ನಕ್ಕಳು. "ನಿಮಗೆ ಬರಲ್ಲ ಬಿಡ್ರಿ. ನೀವು ತಾಯಿ ಇದ್ದೀರಲ್ಲ." ನಾನು ತಲೆಯಾಡಿಸಿದೆ. ಕಿವಿ ಸುಟ್ಟಂತಾಯಿತು, ಸೆರಗು ಹೊದ್ದೆ.

ವಾಪಸು ಬರುವಾಗ ಬಸ್ಸು ಹರಪನಹಳ್ಳಿಯಲ್ಲಿ ನಿಂತಿತ್ತು. ಮಗಳು ತೊಡೆಯ ಮೇಲೆ ನಿದ್ದೆಹೋಗಿದ್ದಳು. ಅವಳ ತಲೆಯ ಮೇಲಿಂದ ನಮ್ಮವರಿಗೆ ಪಿಸುಮಾತಿನಲ್ಲಿ ಹೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ಅರ್ಜಿ ಹಾಕೋಣು. ಅವ್ವಗ ಮಾತ್ರ ನೀನ ಹೇಳು," ಎಂದರು. ಧೈರ್ಯದ ಕೆಲಸಗಳನ್ನು ಅವರು ಯಾವಾಗಲೂ ಹೀಗೆ ಹಂಚುತ್ತಿದ್ದರು.

ನಾನು ಹೇಳಲಿಲ್ಲ. ಅರ್ಜಿ ಹೋಯಿತು, ಅತ್ತೆಗೂ ಗೊತ್ತಿಲ್ಲ, ಓಣಿಗೂ ಗೊತ್ತಿಲ್ಲ. ಹಾಗಾಗಿ ವಿಚಾರಣೆಗೆ ಕಂದಾಯ ನಿರೀಕ್ಷಕರು ಬಂದ ದಿನ ಆಗಬಾರದ್ದೆಲ್ಲ ಆಯಿತು.

ಅವರು ನೇರವಾಗಿ ನಮ್ಮ ಮನೆಗೆ ಬರಲಿಲ್ಲ. ಪದ್ಧತಿಯಂತೆ ಮೊದಲು ಅಕ್ಕಪಕ್ಕದಲ್ಲಿ ಕೇಳಿದರು. ನಾನು ಹಿತ್ತಲಲ್ಲಿ ಮಗಳಿಗೆ ಸೀಗೆಕಾಯಿ ಹಚ್ಚಿ ಎರೆಯುತ್ತಿದ್ದೆ. ಅತ್ತ ಓಣಿಯಲ್ಲಿ, ಏಳು ವರ್ಷ ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ, ಎಲ್ಲರೂ ಸಾಕ್ಷಿ ಹೇಳಿದರು. ಹೂವಿನಾಕೆ, ಅಂದರೆ ಹಡಗಲಿಯಿಂದ ಬೆಳಗಿನ ಬಸ್ಸಿಗೆ ಮಲ್ಲಿಗೆ ತಂದು ನಮ್ಮ ಓಣಿಯಲ್ಲಿ ಮಾರುವವಳು, ನನ್ನ ಸೀಮಂತಕ್ಕೆ ತಾನೇ ಮೊಗ್ಗಿನ ಜಡೆ ಹೆಣೆದದ್ದನ್ನು ವರ್ಣಿಸಿದಳು. ದೊಡ್ಡವ್ವ ಲಾಟೀನಿನಿಂದ ಶುರುಮಾಡಿ ಅಂಗಾಲಿನವರೆಗೆ ಹೇಳಿದಳು. ನಡುವೆ ಸಾಹೇಬರಿಗೆ ಎರಡು ಸಲ ಚಹಾ ಆಯಿತು. ಕೊನೆಗೆ ಅವರು ನಮ್ಮ ಬಾಗಿಲಿಗೆ ಬಂದಾಗ ಅತ್ತೆ ಎದೆಯುಬ್ಬಿಸಿ, "ನನ್ನ ಸೊಸಿ ಹೆತ್ತ ಮಮ್ಮಗಳ್ರಿ. ಮೂಗು ನೋಡ್ರಿ ಬೇಕಾದ್ರ, ಸೊಸಿದ ಐತಿ," ಎಂದರು. ಸಾಹೇಬರು ನನ್ನ ಮೂಗನ್ನು ನೋಡಿದರು, ಒದ್ದೆ ತಲೆಯ ಮಗಳ ಮೂಗನ್ನು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ನಾನು ಬಾಯಿ ತೆರೆಯಬೇಕೆಂದರೆ ಮಗಳು ನನ್ನ ಸೆರಗಿನಲ್ಲೇ ಕಿವಿ ಒರೆಸಿಕೊಳ್ಳುತ್ತ ನಿಂತಿದ್ದಳು.

ಕೆಲವು ದಿನಗಳ ನಂತರ ನಮ್ಮವರು ಕಚೇರಿಯಿಂದ ಮುಖ ಜೋಲು ಹಾಕಿಕೊಂಡು ಬಂದರು. ಅರ್ಜಿ ತಿರಸ್ಕಾರವಾಗಿತ್ತು. ಸದರಿ ಮಗು ಅರ್ಜಿದಾರರ ಸ್ವಂತ ಮಗುವೇ ಎಂಬುದು ಸ್ಥಳ ವಿಚಾರಣೆಯಿಂದ ನಿಸ್ಸಂಶಯವಾಗಿ ತಿಳಿದುಬಂದಿದೆಯಂತೆ. ನಾದಿನಿಯ ಮರಣಪತ್ರವನ್ನು ನಾವು ಕೊಟ್ಟಿದ್ದೆವು. ಯಾರೋ ಒಬ್ಬರು ತೀರಿಕೊಂಡದ್ದಕ್ಕೆ ಅದು ಆಧಾರವೇ ಹೊರತು ಈ ಮಗು ಅವರದ್ದೆನ್ನುವುದಕ್ಕೆ ಅಲ್ಲವಂತೆ. ಮನೆಯಲ್ಲಿ ಹುಟ್ಟಿದ ಕೂಸು, ಆ ಗಡಿಬಿಡಿಯಲ್ಲಿ ಜನನ ಬರೆಸುವ ನೆನಪು ಯಾರಿಗೂ ಇರಲಿಲ್ಲ.

ಈಗ ಅತ್ತೆಗೆ ಹೇಳದೆ ಗತಿಯಿರಲಿಲ್ಲ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ: "ಆ ಕಾಗದಾ ಇನ್ನೊಮ್ಮೆ ಓದು." ನಮ್ಮವರು ಓದಿದರು. "ನಿಸ್ಸಂಶಯ ಅಂತ ಐತೇನು?" "ಐತಿ." ಅತ್ತೆ ನನ್ನ ಕಡೆ ತಿರುಗಿದರು. "ನೋಡಿದ್ಯಾ, ಸರಕಾರಾನ ಬರದು ಕೊಟ್ಟೈತಿ, ನಿನ್ನ ಮಗಳು ಅಂತ. ಚೌಕಟ್ಟು ಹಾಕ್ಸಿ ಗ್ವಾಡಿಗೆ ಹಾಕು."

"ಅತ್ತಿ, ಹಂಗಾರ ಆಕಿ ಕಾಲಿಗೆ ಏನು ಹಾಕೋಣು?" ಎಂದೆ.

ಅತ್ತೆ ಎದ್ದರು. ಹಿತ್ತಲಿಗೆ ಹೋಗಿ ಬಟ್ಟೆ ಝಾಡಿಸಿದರು. ಅವತ್ತು ಬಹಳ ಹೊತ್ತು ಝಾಡಿಸಿದರು. ಒಳಗೆ ಬಂದು, "ಸಾಹೇಬ್ರನ್ನ ಇನ್ನೊಮ್ಮೆ ಕರಸು. ಆದ್ರ ಕೂಸಿನ ಕಿವಿಗೆ ಬೀಳಬಾರ್ದು," ಎಂದರು.

ನಿರೀಕ್ಷಕರು ಒಳ್ಳೆಯವರು. ಮತ್ತೆ ಬರಲು ಒಪ್ಪಿದರು. ಆದರೆ ಈ ಸಲ ಪಂಚನಾಮೆ ಆಗಬೇಕು. ಸಾಕ್ಷಿಗಳು ಮೊದಲು ಹೇಳಿದ್ದು ತಪ್ಪೆಂದು ಹೇಳಬೇಕು. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಮಗುವೂ ಅಲ್ಲೇ ಇರಬೇಕು.

ಓಣಿಯವರಿಗೆ ನಿಜ ಹೇಳುವುದನ್ನು ಕಲಿಸಲು ನನಗೆ ಒಂದು ವಾರ ಹಿಡಿಯಿತು. ಮಗಳು ಮಲಗಿದ ಮಧ್ಯಾಹ್ನಗಳಲ್ಲಿ ದೊಡ್ಡವ್ವನ ಮನೆಯಲ್ಲಿ ತಾಲೀಮು. ಹೂವಿನಾಕೆ ಬಾಯಿ ತೆರೆದವಳೇ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು. "ಸುಳ್ಳು ಹೇಳಿ ಹೇಳಿ ರೂಢಿ ಆಗೇತ್ರಿ ಅಕ್ಕಾ. ಈಗ ಖರೇ ಹೇಳಾಕ ನಾಚಿಗಿ ಬರ್ತೈತಿ." ದೊಡ್ಡವ್ವ ಮಾತ್ರ ನಗಲಿಲ್ಲ, ಮುನಿಸಿಕೊಂಡಳು. "ನೀ ಹೆತ್ತಿಲ್ಲಂತ ಹೆಂಗ ಅನ್ಲಿ? ನೀ ಎಷ್ಟು ಒದ್ದಾಡಿದಿ ಅಂತ ನಾ ನೋಡೀನಲ್ಲ."

"ನಾ ಅವತ್ತು ಬಿಸಿನೀರು ಕಾಸ್ತಿದ್ದೆ, ದೊಡ್ಡವ್ವ."

ಅವಳು ನನ್ನನ್ನು ಅನುಮಾನದಿಂದ ನೋಡಿದಳು. "ಕಾಸಿದ್ದೂ ನೀನ ಇರಬೇಕು ಬಿಡು," ಎಂದಳು.

ಮಗಳ ಕಿವಿಗೆ ಬೀಳದಂತೆ ಓದಿಸುವುದು ಹೇಗೆ ಎನ್ನುವುದಕ್ಕೆ ನನ್ನ ಬಳಿ ಒಂದು ಉಪಾಯವಿತ್ತು, ಇಂಗ್ಲಿಷು. ಅಷ್ಟು ವರ್ಷ ಕಾನ್ವೆಂಟಿನಲ್ಲಿ ಕಲಿತದ್ದು ಇಲ್ಲಿ ಔಷಧಿ ಚೀಟಿ ಓದುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಸಾಹೇಬರು ಬಂದು ಪಡಸಾಲೆಯ ಚಾಪೆಯ ಮೇಲೆ ಕೂತ ಕೂಡಲೇ ಎರಡು ದೀರ್ಘ ವಾಕ್ಯಗಳನ್ನು ಒಪ್ಪಿಸಿದೆ. ವ್ಯಾಕರಣ ಚೆನ್ನಾಗಿಯೇ ಇತ್ತು. ಅವರು ಗೌರವದಿಂದ ಕೇಳಿಸಿಕೊಂಡು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ಚಲೋ ಹೇಳಿದ್ರಿ ಮೇಡಂ. ಅದನ್ನ ಕನ್ನಡದಾಗ ಹೇಳಿದ್ರ ಬರ್ಕೊಂತೀನಿ. ಕನ್ನಡದಾಗ ಓದಲಿಲ್ಲಂದ್ರ ಪಂಚನಾಮೆ ನಡೆಯಂಗಿಲ್ಲ," ಎಂದರು. ಮಗಳು ಬಾಗಿಲಿನಿಂದ ಇಣುಕಿ ನೋಡಿದಳು. ಅವ್ವ ಹೀಗೆ ಮಾತಾಡುವುದನ್ನು ಅವಳು ಕೇಳಿರಲಿಲ್ಲ.

ಅತ್ತೆಯ ಉಪಾಯ ಬೇರೆಯಿತ್ತು. ಅವರು ಬೆಳಿಗ್ಗೆಯೇ ಜೋಳದ ಹಿಟ್ಟು ಜರಡಿ ಹಿಡಿದಿಟ್ಟಿದ್ದರು. ನಮ್ಮ ಕಡೆ ರೊಟ್ಟಿ ಬಡಿಯುವ ಸಪ್ಪಳ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಒಬ್ಬಳು ಬಡಿದರೆ ಪಕ್ಕದ ಮನೆಗೆ ಕೇಳುತ್ತದೆ. ಅವತ್ತು ಅಡಿಗೆ ಮನೆಯಲ್ಲಿ ದೊಡ್ಡವ್ವ ಒಂದು ಹಲಗೆಗೆ, ಹೂವಿನಾಕೆ ಇನ್ನೊಂದು ಹಲಗೆಗೆ. ನಡುವೆ ಮಗಳು, ಬಲಗೈಯಲ್ಲಿ ಒಂದು ಹಿಟ್ಟಿನ ಉಂಡೆ. ಹೆಂಚಿನ ಮುಂದೆ ಅತ್ತೆ. ರೊಟ್ಟಿಯನ್ನು ಎತ್ತಿ ಹೆಂಚಿಗೆ ಹಾಕುವಾಗ ಸಪ್ಪಳ ನಿಲ್ಲುತ್ತದಲ್ಲ, ಅದಕ್ಕೂ ಅತ್ತೆ ಲೆಕ್ಕ ಹಾಕಿದ್ದರು. ಒಬ್ಬಳು ಎತ್ತುವಾಗ ಇನ್ನೊಬ್ಬಳು ಬಡಿಯಬೇಕು.

ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ತಾಲೀಮಿನಂತೆ ಪಿಸುಗುಟ್ಟಿ ಒಳಗೆ ಹೋದರು, ನಾನೂ ಸಾಹೇಬರ ಪಕ್ಕ ಕೂತು ಮೆಲ್ಲಗೆ ಹೇಳಿದೆ. ಅವರು ಬರೆದುಕೊಂಡರು. ಓದಲು ಕಾಗದ ಎತ್ತಿದರು. ಒಳಗೆ ಶುರುವಾಯಿತು.

"ಏನ್ರಿ ಇದು," ಎಂದರು ಸಾಹೇಬರು.

"ನಿಮಗ ಊಟಕ್ಕರಿ," ಎಂದು ಒಳಗಿನಿಂದ ಅತ್ತೆ ಕೂಗಿ ಹೇಳಿದರು. "ಬಿಸಿ ರೊಟ್ಟಿ ಇರ್ಬೇಕಲ್ರಿ. ನೀವು ಓದ್ರಿ."

ಅವರು ದನಿ ಏರಿಸಿದರು. ರೊಟ್ಟಿಯೂ ಏರಿತು. ಅವರು ಉಸಿರು ತೆಗೆದುಕೊಳ್ಳಲು ನಿಂತರೆ ಒಳಗೂ ಸ್ವಲ್ಪ ಇಳಿಯುತ್ತಿತ್ತು. ಮತ್ತೆ ಅರ್ಜಿದಾರರು ಎಂದೊಡನೆ ಎರಡು ಹಲಗೆಯೂ ಜೋರು. ಸಾಹೇಬರ ಕತ್ತಿನ ನರ ಉಬ್ಬಿತು. ನಮ್ಮವರು ಗೋಡೆಯ ಕಡೆ ತಿರುಗಿ ನಿಂತಿದ್ದರು, ಹೆಗಲು ಕುಣಿಯುತ್ತಿತ್ತು. ಅರ್ಧ ದಾಟಿತು. ಆಗ ಸಾಹೇಬರು, "ಮೊದಲ್ನೇ ಸಾಕ್ಷಿ ಬಂದು ಹೆಬ್ಬೆಟ್ಟು ಒತ್ರಿ, ಅಷ್ಟರಾಗ ಉಳಿದಿದ್ದು ಓದ್ತೀನಿ," ಎಂದರು. ಹೂವಿನಾಕೆ ಕೈ ಕೊಡವಿಕೊಂಡು ಎದ್ದು ಬಂದಳು.

ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಒಳಗೆ ದೊಡ್ಡವ್ವ ಒಬ್ಬಳೇ ಉಳಿದಳು. ಅವಳ ರೊಟ್ಟಿ ದೊಡ್ಡದಾಗಿತ್ತು, ಎರಡೂ ಕೈಯಿಂದ ಎತ್ತಿ ಹೆಂಚಿಗೆ ಹಾಕಿದಳು. ಆ ಒಂದು ಗಳಿಗೆ ಮನೆಯಲ್ಲಿ ಸಪ್ಪಳವೇ ಇಲ್ಲ. ಅದೇ ಗಳಿಗೆಯಲ್ಲಿ ಸಾಹೇಬರು, ರೊಟ್ಟಿಯನ್ನು ಮೀರಿಸಲು ಏರಿಸಿಟ್ಟಿದ್ದ ದನಿಯಲ್ಲಿ ಓದಿದರು: "ಸದರಿ ಮಗುವಿನ ಹೆತ್ತ ತಾಯಿಯು ಬಾಣಂತನದಲ್ಲಿಯೇ ತೀರಿಕೊಂಡಿದ್ದು."

ಹೂವಿನಾಕೆಯ ಹೆಬ್ಬೆಟ್ಟು ಶಾಯಿಯ ಮೇಲೆಯೇ ನಿಂತಿತು.

"ಯಾರ ತಾಯಿ?" ಎಂದು ಮಗಳು ಕೇಳಿದಳು.

"ಸಾಹೇಬ್ರ ಆಫೀಸಿನ ಮಾತದು, ನಿನಗ್ಯಾಕ," ಎಂದರು ಅತ್ತೆ. "ನಮ್ಮ ಹಡಗಲಿಯಾಗ ಯಾರೋ ಒಬ್ಬಾಕಿ," ಎಂದು ಹೂವಿನಾಕೆ ಆಗಲೇ ಹೊಸದೊಂದನ್ನು ಹೆಣೆಯತೊಡಗಿದ್ದಳು. ಮಗಳು ಅವರಿಬ್ಬರನ್ನೂ ನೋಡಲಿಲ್ಲ. ಅಡಿಗೆ ಮನೆಯ ಹೊಸ್ತಿಲಿಗೆ ಬಂದು ಗೋಡೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ನನ್ನ ಕಿವಿಯನ್ನು. ಸುಳ್ಳು ಎಲ್ಲಿ ಕಾಣುತ್ತದೆಂದು ಆ ಮನೆಯಲ್ಲಿ ಬೆಳೆದ ಮಗುವಿಗೆ ಗೊತ್ತಿರದೇ ಇರುತ್ತದೆಯೆ?

"ನಿನ್ನ ತಾಯಿ," ಎಂದೆ.

ಅವಳ ಮಾತು ಬರಲು ತಡವಾಯಿತು. ಎಲ್ಲರೂ ಕಾದೆವು. ಸಾಹೇಬರೂ ಕಾದರು.

"ಹಂಗಾರ ನೀನು?"

"ನಾನು ಅವ್ವ."

"ಆಕಿ?"

"ಆಕಿನೂ ಅವ್ವ. ನಿಮ್ಮಜ್ಜಿ ಮಗಳು. ನಿನ್ನ ಹೆತ್ತು, ಜ್ವರ ಬಂದು ಹೋದ್ಲು. ಆಮೇಲೆ ನೀ ನನ್ನ ಉಡಿಯಾಗ ಬಂದಿ."

ಅವಳು ಯೋಚಿಸಿದಳು. ಆಮೇಲೆ ನನ್ನನ್ನು ಬಿಟ್ಟು ದೊಡ್ಡವ್ವನ ಕಡೆ ತಿರುಗಿದಳು. ಏಳು ವರ್ಷ ಕೇಳಿದ ಕಥೆ ಏನಾಯಿತೆನ್ನುವುದು ಅವಳ ಚಿಂತೆ. "ಹಂಗಾರ ಲಾಟೀನು?"

"ಖರೇನವ್ವ," ಎಂದಳು ದೊಡ್ಡವ್ವ.

"ಗುಡುಗು?"

"ಖರೇ."

"ಅಂಗಾಲಿಗೆ ಹೊಡದಿದ್ದು?"

"ಈ ಕೈಯಾಗ ಹೊಡದೀನಿ. ಎಲ್ಲಾ ಖರೇ. ಹೊಟ್ಟಿ ಒಂದ ಬ್ಯಾರೆ."

ಗೋಡೆಯ ಕಡೆ ತಿರುಗಿದ್ದ ನಮ್ಮವರು ತಡೆಯಲಾರದೆ ನಕ್ಕುಬಿಟ್ಟರು, ನಕ್ಕವರು ಕಣ್ಣೊರೆಸಿಕೊಂಡರು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡುತ್ತಿತ್ತು. ಅದನ್ನು ತಿರುವಿ ಹಾಕಬೇಕಾದ ಅತ್ತೆ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಹಾಗೇ ಕೂತಿದ್ದರು. ಎದ್ದು ಹಿತ್ತಲಿಗೆ ಹೋಗುತ್ತಾರೆಂದು ನಾನು ಕಾದೆ. ಮಗಳು ನೆಲಕ್ಕೆ ಕೂತು, ಜರುಗುತ್ತ ಅವರ ಹತ್ತಿರ ಹೋಗಿ ಮೊಣಕಾಲಿಗೆ ಕೈಯಿಟ್ಟಳು. ಹಿಟ್ಟಿನ ಕೈ.

"ಅಜ್ಜಿ, ಆಕಿ ಹೆಂಗಿದ್ಲು?"

ಅತ್ತೆ ಹೆಂಚನ್ನೇ ನೋಡುತ್ತಿದ್ದರು. "ಬಾಯಿ ಬಡಕಿ," ಎಂದರು. ಕೈಯ ಬಟ್ಟೆ ಕೆಳಗಿಟ್ಟು, "ಒಂದು ಮಾತು ಕೇಳ್ತಿರ್ಲಿಲ್ಲ. ಹಸೇ ಶೇಂಗಾ ತಿಂದು ತಿಂದು ಹೊಟ್ಟಿ ಕೆಡಿಸ್ಕೊಂತಿದ್ಲು. ಕೊಟ್ಟೂರಿಗೆ ಹೋಗಿ ಬಾ ಅಂದ್ರ ಹಾದ್ಯಾಗ ಸಿಕ್ಕೋರ ಮನಿಗೆಲ್ಲಾ ಹೋಗಿ ಸಂಜಿಗೆ ಬರ್ತಿದ್ಲು," ಎಂದರು. ಅಲ್ಲಿಂದ ನಿಲ್ಲಲಿಲ್ಲ. ನಾನು ಮೆಲ್ಲಗೆ ಹೋಗಿ ಕರಕಲಾದ ರೊಟ್ಟಿಯನ್ನು ತೆಗೆದೆ. ಹೂವಿನಾಕೆ ಬಂದು ಹಲಗೆಯ ಮುಂದೆ ಕೂತವಳು ಬಡಿಯಲಿಲ್ಲ. ಅತ್ತೆ ತಮ್ಮ ಮಗಳ ಹೆಸರು ಹೇಳಿದರು. ನಾನು ಆ ಮನೆಯಲ್ಲಿ ಅದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಯಾರನ್ನೋ ಕರೆದರೆಂದು ಬಾಗಿಲ ಕಡೆ ನೋಡಿದೆ.

ಸಾಹೇಬರು ಪಡಸಾಲೆಯಿಂದ ಕೆಮ್ಮಿದರು. "ಇದನ್ನೂ ಬರ್ಕೊಬೇಕೇನ್ರಿ?"

"ಬರ್ಕೊಳ್ರಿ," ಎಂದರು ಅತ್ತೆ. "ಶೇಂಗಾದ್ದು ಬಿಡ್ರಿ."

ಕೊನೆಗೆ ಮಗುವಿಗೆ ಒಂದು ಪ್ರಶ್ನೆ ಕೇಳಬೇಕಿತ್ತಂತೆ. ಸಾಹೇಬರು ಬಗ್ಗಿ, "ನೀನು ಯಾರ ಹತ್ರ ಇರ್ತೀಯವ್ವ?" ಎಂದರು. ಅವಳು ನನ್ನನ್ನು, ಅಜ್ಜಿಯನ್ನು, ಅಪ್ಪನನ್ನು, ದೊಡ್ಡವ್ವನನ್ನು, ಹೂವಿನಾಕೆಯನ್ನು ಒಬ್ಬೊಬ್ಬರಾಗಿ ನೋಡಿ, "ಇವರೆಲ್ಲಾ ನನ್ನ ಹತ್ರ ಅದಾರ," ಎಂದಳು. ಅವರು ಅದನ್ನು ಹೇಗೆ ಬರೆದರೋ ಗೊತ್ತಿಲ್ಲ. ಊಟ ಮಾಡಿ, ಸೀದದ್ದನ್ನು ಬಿಟ್ಟು ಉಳಿದ ರೊಟ್ಟಿಗಳನ್ನು ಹೊಗಳಿ ಹೋದರು.

ಸಹಾಯಧನ ಮಂಜೂರಾಗಿ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಮಗಳು ಮತ್ತೆ ನನ್ನ ಸೊಂಟ ಏರಿ ಶಾಲೆಗೆ ಹೋಗಿ, ಅಲ್ಲಿ ತನಗೆ ಇಬ್ಬರು ಅವ್ವಂದಿರೆಂದು ಹೇಳಿಕೊಂಡು ಬಂದು, ಒಬ್ಬಳೇ ಅವ್ವ ಇದ್ದ ಹುಡುಗಿಯರನ್ನು ಮನೆಗೆ ಅಳುತ್ತ ಕಳಿಸಿದ್ದಳು. ನಿರೀಕ್ಷಕರು ಏನೇ ಬರೆದಿರಲಿ, ಓಣಿಯವರಿಗೆ ಈಗ ಎರಡು ಕಥೆ ಹೇಳುವ ಸ್ವಾತಂತ್ರ್ಯ ಸಿಕ್ಕಿತ್ತು. ಹೂವಿನಾಕೆ ನನ್ನ ಸೀಮಂತವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಹೊಸ ಕ್ಯಾಲಿಪರ್ ಬಂದ ಮೇಲಿನ ಮೊದಲ ಸೋಮವಾರ ಅವಳು ನಡೆದುಕೊಂಡೇ ಶಾಲೆಗೆ ಹೊರಟಳು. ಕೈ ಹಿಡಿಯಬಾರದೆಂದು ಹೇಳಿದ್ದಳು. ಹೊಸ ಚರ್ಮ ಕಿರ್ ಕಿರ್ ಎನ್ನುತ್ತಿತ್ತು. ಅಜ್ಜಿ ಪಕ್ಕದಲ್ಲಿ, ನಾನು ಚೀಲ ಹಿಡಿದುಕೊಂಡು ಸ್ವಲ್ಪ ಹಿಂದೆ. ನಡುನಡುವೆ ನಿಂತು ದಣಿವಾರಿಸಿಕೊಳ್ಳುವಾಗ, ಅದು ದಣಿವಲ್ಲವೆಂದು ತೋರಿಸಲು ಯಾರದಾದರೂ ಮನೆಯ ರಂಗೋಲಿ ನೋಡುತ್ತಿದ್ದಳು.

"ನಿಮ್ಮವ್ವ ಈ ಹಾದ್ಯಾಗ ಹಿಂಗ ನಿಂತು ನಿಂತು ಹೋಗ್ತಿರ್ಲಿಲ್ಲ," ಎಂದರು ಅತ್ತೆ. "ಓಡ್ತಿದ್ಲು."

"ಯಾವ ಅವ್ವ?"

ಅತ್ತೆ ತಿರುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಸೀರೆಯ ನಿರಿಗೆ ಹಿಡಿದುಕೊಂಡು ಸಗಣಿ ದಾಟುತ್ತಿದ್ದೆ.

"ಇಕಿಯಂತೂ ಅಲ್ಲ," ಎಂದರು. "ನಡಿ, ಗಂಟಿ ಹೊಡೀತಾರ."